ಗೊರಿಲ್ಲಾ ಗ್ಲಾಸ್ ಇದ್ದರೂ ಫೋನಿಗೆ ಗೀರು ಬೀಳುವುದೇಕೆ?

ಕೀಲಿಕೈಯನ್ನು ಬೈಯಬೇಡಿ, ತಪ್ಪು ಮಣ್ಣಿನದು. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಗೊರಿಲ್ಲಾ ಗ್ಲಾಸ್‌ನಂಥ ಫೋನಿನ ಗಟ್ಟಿ ಗಾಜು 6ರ ಹತ್ತಿರ, ಹಿತ್ತಾಳೆ ಕೀಲಿಕೈ 3ರ ಆಸುಪಾಸು; ಹೆಚ್ಚು ಅಂಕಿಯ ವಸ್ತು ಕಡಿಮೆ ಅಂಕಿಯದರ ಮೇಲೆ ಗೀರು ಹಾಕುತ್ತದೆ. ಬೆಣಚುಕಲ್ಲು, ಅಂದರೆ ಕ್ವಾರ್ಟ್ಜ್, 7. ನಮ್ಮ ಕೋಲಾರದ ಬೆಟ್ಟಗಳ ಗ್ರಾನೈಟ್‌ನಲ್ಲಿ ಅದು ಧಾರಾಳ. ಟೇಕಲ್ ಕಡೆ ಕಲ್ಲು ಒಡೆಯುವವರಿರಲಿ, ಹೊಲದಿಂದ ಟೊಮೆಟೊ ಬಾಕ್ಸ್ ತುಂಬಿಕೊಂಡು ಎಪಿಎಂಸಿಗೆ ಬರುವವರಿರಲಿ, ಜೇಬಿನ ಮೂಲೆಯಲ್ಲಿ ಅದರ ಪುಡಿ ಕೂತೇ ಇರುತ್ತದೆ. ಒಂದು ಹರಳು ಸಾಕು.

ಬಿದ್ದು ಒಡೆಯುವುದು ಬೇರೆ ವಿಷಯ. ತಯಾರಿಸುವಾಗ ಗಾಜನ್ನು ಕಾದು ಕರಗಿದ ಪೊಟ್ಯಾಸಿಯಂ ಲವಣದಲ್ಲಿ ಅದ್ದುತ್ತಾರೆ. ಗಾಜಿನೊಳಗಿನ ಸಣ್ಣ ಸೋಡಿಯಂ ಅಯಾನು (ವಿದ್ಯುದಾವೇಶವಿರುವ ಪರಮಾಣು) ಹೊರಬಂದು, ಆ ಜಾಗಕ್ಕೆ ದೊಡ್ಡ ಪೊಟ್ಯಾಸಿಯಂ ಅಯಾನು ತೂರಿಕೊಳ್ಳುತ್ತದೆ. ತುಂಬಿದ ಬಸ್ಸಿನಲ್ಲಿ ಜನ ಒತ್ತಿ ನಿಂತ ಹಾಗೆ ಮೇಲ್ಪದರ ಬಿಗಿಯಾಗುತ್ತದೆ; ಬಿರುಕು ಬಾಯಿ ಬಿಡಲು ಈ ಬಿಗಿತ ಬಿಡುವುದಿಲ್ಲ. ಆದರೆ ಪದರ ಬಹಳ ತೆಳು. ಆಳವಾದ ಗೀರು ಅದನ್ನು ದಾಟಿತೆಂದರೆ ಮುಂದಿನ ಸಲ ಮೊಣಕಾಲೆತ್ತರದಿಂದ ಬಿದ್ದರೂ ಒಡೆಯಬಹುದು, ಮೂಲೆ ಚಪ್ಪಡಿಗೆ ತಾಗಿದರಂತೂ ಇನ್ನೂ ಸುಲಭ.

ಹಾಗಾಗಿ ಟೆಂಪರ್ಡ್ ಗ್ಲಾಸ್ ಹಾಕಿಸಿ. ಧೂಳು ಕೂತ ಸ್ಕ್ರೀನನ್ನು ಪಂಚೆಯಲ್ಲಿ ಉಜ್ಜಬೇಡಿ, ಮೊದಲು ಊದಿ, ಆಮೇಲೆ ತೇವದ ಬಟ್ಟೆಯಿಂದ ಒರೆಸಿ.