ಆ ‘ದಟ್’ ಹುಡುಗನಿಂದ ಶುರು ಮಾಡಿ

ಜಗಳೂರಿನಿಂದ ಬರೆದ ಮಿತ್ರರೇ,

‘ಇಂಗ್ಲಿಷ್‌ನಲ್ಲಿ ಪರೋಕ್ಷ ಪ್ರಶ್ನೆ: 7 ಸುಲಭ ನಿಯಮಗಳು’ ಲೇಖನ, ಅಂದರೆ ಒಬ್ಬರು ಕೇಳಿದ ಪ್ರಶ್ನೆಯನ್ನು ಇನ್ನೊಬ್ಬರಿಗೆ ವರದಿ ಮಾಡೋದು ಹೇಗೆ ಅನ್ನೋದು, ಓದಿದೆ. ಈಗಿರುವ ಹಾಗೆ ಹಾಕಲಾರೆ. ನಮ್ಮ ವಿದ್ಯಾರ್ಥಿ ಪುಟ ಓದೋರು ಎಸ್ಸೆಸ್ಸೆಲ್ಸಿ, ಪಿಯುಸಿ ಮಕ್ಕಳು. ನಿಮ್ಮ ಏಳು ನಿಯಮ ಅವರ ಗೈಡಿನಲ್ಲೂ ಇವೆ, ಹೆಚ್ಚುಕಮ್ಮಿ ಇದೇ ಕ್ರಮದಲ್ಲಿ, ಇದೇ ರಾಮ ಸೀತೆಯರ ಜೊತೆ. ಅಷ್ಟೂ ಬಾಯಿಪಾಠ ಇದ್ದೂ ಪರೀಕ್ಷೆಯಲ್ಲಿ ತಪ್ಪು ಯಾಕಾಗುತ್ತೆ ಅಂತ ಗೈಡ್ ಹೇಳಲ್ಲ. ನೀವೂ ಹೇಳಲಿಲ್ಲ.

ಎರಡನೇ ಪುಟದ ಕೊನೆಗೆ, ನಿಮ್ಮ ಟ್ಯೂಷನ್ ಹುಡುಗನೊಬ್ಬ ಬರೆದದ್ದು ಅಂತ ಒಂದು ವಾಕ್ಯ ಕೊಟ್ಟಿದ್ದೀರಿ: ‘ಹಿ ಆಸ್ಕ್ಡ್ ಮಿ ದಟ್ ವೇರ್ ಡು ಯು ಲಿವ್’. ತಪ್ಪು ಅಂತ ಗೀಟು ಹಾಕಿ ಮುಂದೆ ಹೋಗಿಬಿಟ್ಟಿದ್ದೀರಿ. ಮಾರಾಯ್ರೇ, ಲೇಖನ ಇದ್ದದ್ದೇ ಅಲ್ಲಿ! ಹುಡುಗ ಕನ್ನಡವನ್ನು ಅಚ್ಚುಕಟ್ಟಾಗಿ ಇಂಗ್ಲಿಷ್ ಪದಗಳಲ್ಲಿ ಬರೆದಿದ್ದಾನೆ, ಅಷ್ಟೇ. ‘ಎಲ್ಲಿರ್ತೀಯ ಅಂತ ಕೇಳಿದ’ ಅನ್ನುವಾಗ ನಾವು ಕೇಳಿದವನ ಮಾತನ್ನು ಇದ್ದಹಾಗೇ ಎತ್ತಿಟ್ಟು, ಹಿಂದೆ ಒಂದು ‘ಅಂತ’ ಕಟ್ಟುತ್ತೇವೆ. ‘ಇರ್ತೀಯ’ದೊಳಗಿನ ‘ನೀನು’ ಅಲುಗಾಡಲ್ಲ, ಕಾಲವೂ ಅಲುಗಾಡಲ್ಲ. ಆ ‘ಅಂತ’ವನ್ನೇ ಅವನು ‘ದಟ್’ ಮಾಡಿದ. ‘ಸೆಡ್’ ಮುಂದೆ ಅದು ನಡೆಯುತ್ತಿತ್ತು, ‘ಆಸ್ಕ್ಡ್’ ಮುಂದೆ ನಡೆಯಲ್ಲ. ಅಲ್ಲಿ ವೇರ್, ವೈ, ಹೌ ಇವೇ ಕೊಂಡಿ. ಅವಿದ್ದ ಮೇಲೆ ‘ದಟ್’ಗೆ ಕೆಲಸವಿಲ್ಲ. ‘ಯು’ ಕೂಡ ಅಲುಗಾಡಿ ‘ಐ’ ಆಗುತ್ತೆ: ‘ಹಿ ಆಸ್ಕ್ಡ್ ಮಿ ವೇರ್ ಐ ಲಿವ್ಡ್.’

ಇನ್ನು ‘ಡು’. ಬಸ್ಸು ಇಲ್ಲಿ ನಿಲ್ಲುತ್ತೆ, ಬಸ್ಸು ಎಲ್ಲಿ ನಿಲ್ಲುತ್ತೆ: ನಮ್ಮಲ್ಲಿ ಉತ್ತರಕ್ಕೂ ಪ್ರಶ್ನೆಗೂ ಪದಗಳ ಸಾಲು ಒಂದೇ. ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳೋಕೆ ಸಾಲು ತಿರುವಬೇಕು, ತಿರುವೋಕೆ ಸಹಾಯಕ ಕ್ರಿಯಾಪದ ಇಲ್ಲದಿದ್ದರೆ ಡು, ಡಸ್, ಡಿಡ್ ಅಂತ ಕೈಗಡ ತರಬೇಕು. ಇದನ್ನು ಮಕ್ಕಳ ತಲೆಗೆ ಹತ್ತಿಸೋಕೆ ವರ್ಷಗಟ್ಟಲೆ ಒದ್ದಾಡಿ, ಆಮೇಲೆ ವರದಿ ಮಾಡುವಾಗ ತಿರುವಿದ್ದನ್ನು ವಾಪಸ್ ನೇರ ಮಾಡು ಅಂತೀವಿ. ಅವರಿಗೆ ಸಿಟ್ಟು ಬರಲ್ವಾ? ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬಾಕೆ ‘ವೇರ್ ಡಸ್ ದ ಹರಿಹರ ಬಸ್ ಸ್ಟಾಪ್?’ ಅಂದಳು ಅನ್ನಿ. ‘ಶಿ ಆಸ್ಕ್ಡ್ ಮಿ ವೇರ್ ದ ಹರಿಹರ ಬಸ್ ಸ್ಟಾಪ್ಡ್.’ ಡಸ್ ಎದ್ದು ಹೋಯಿತು, ಅದು ಹೊತ್ತಿದ್ದ ಕಾಲದ ಹೊರೆ ಸ್ಟಾಪ್ ಹೆಗಲಿಗೆ ಬಿತ್ತು, ಪ್ರಶ್ನೆ ಚಿಹ್ನೆ ಇದ್ದಲ್ಲಿ ಪೂರ್ಣವಿರಾಮ ಕೂತಿತು. ಹೀಗೆ ತೋರಿಸಿದರೆ ನಿಮ್ಮ ಏಳರಲ್ಲಿ ಮೂರು ನಿಯಮ ಒಂದೇ ಏಟಿಗೆ ಮುಗಿದವು.

‘ಕಾಲ ಕಡ್ಡಾಯವಾಗಿ ಹಿಂದಕ್ಕೆ ಸರಿಯಬೇಕು’ ಅಂತ ದಪ್ಪ ಅಕ್ಷರದಲ್ಲಿ ಬರೆದದ್ದು ತಪ್ಪು. ಬಸ್ಸು ಇವತ್ತೂ ಅಲ್ಲೇ ನಿಲ್ಲುವುದಾದರೆ ‘ಸ್ಟಾಪ್ಸ್’ ಅಂದರೂ ನಡೆಯುತ್ತೆ. ಪರೀಕ್ಷೆಗೆ ‘ಸ್ಟಾಪ್ಡ್’ ಕ್ಷೇಮ ಅಂತ ಬೇಕಾದರೆ ಸೇರಿಸಿ.

ಇಫ್, ವೆದರ್ ಬಗ್ಗೆ ನಿಮ್ಮದು ಒಂದೇ ಸಾಲು, ‘ಹೌದು-ಇಲ್ಲ ಪ್ರಶ್ನೆಗೆ ಬಳಸಿ’. ಇಷ್ಟು ಜಿಪುಣತನ ಯಾಕೆ? ಬೆಣ್ಣೆ ದೋಸೆ ಹೋಟೆಲಿನಲ್ಲಿ ಕೂತರೆ ಹುಡುಗ ಬಂದು ‘ಖಾಲಿನಾ, ಓಪನ್ನಾ?’ ಅಂತಾನೆ, ಎರಡೂ ದೋಸೆಯ ಬಗೆಗಳೇ. ಅದನ್ನೇ ಮನೆಗೆ ಬಂದು ಹೇಳುವಾಗ ‘ಖಾಲಿ ಬೇಕೋ ಓಪನ್ ಬೇಕೋ ಕೇಳಿದ’ ಅಂತೀವಿ. ಇಲ್ಲಿ ‘ಅಂತ’ವೇ ಇಲ್ಲ, ‘ಆ’ ಹೋಗಿ ‘ಓ’ ಬಂತು. ಆ ‘ಓ’ ಮಾಡುವ ಕೆಲಸವೇ ವೆದರ್ ಮಾಡೋದು: ‘ಹಿ ಆಸ್ಕ್ಡ್ ಮಿ ವೆದರ್ ಐ ವಾಂಟೆಡ್ ಖಾಲಿ ಆರ್ ಓಪನ್.’ ಬರ್ತಾನೋ ಇಲ್ವೋ ಅನ್ನೋದೂ ಇದೇ ಜಾತಿ. ‘ಎಲ್ಲಿದ್ದಾನೋ’ ಅನ್ನುವಲ್ಲೂ ‘ಓ’ ಇದೆಯಲ್ಲ ಅಂತ ಯಾವನಾದರೂ ಚುರುಕು ಹುಡುಗ ಕೇಳೇ ಕೇಳ್ತಾನೆ. ಅಲ್ಲಿ ವೇರ್ ಆಗಲೇ ಕೂತಿರೋದರಿಂದ ವೆದರ್‌ಗೆ ಜಾಗವಿಲ್ಲ ಅಂತ ಮೊದಲೇ ಬರೆದಿಡಿ.

ನಾಚಿಕೆಯ ವಿಷಯ ಒಂದಿದೆ. ‘ಹೂ ಟುಕ್ ಮೈ ಪೆನ್?’ ಅನ್ನೋದನ್ನು ನೀವು ‘ಹಿ ಆಸ್ಕ್ಡ್ ಹೂ ಹಿಸ್ ಪೆನ್ ಹ್ಯಾಡ್ ಟೇಕನ್’ ಮಾಡಿದ್ದೀರಿ. ಪೆನ್ನೇ ಯಾರನ್ನೋ ಎತ್ತಿಕೊಂಡು ಹೋದಂತಾಯಿತು! ಇಲ್ಲಿ ‘ಹೂ’ವೇ ಕರ್ತೃ. ಸಾಲು ತಿರುವಿಯೇ ಇಲ್ಲ, ನೇರ ಮಾಡೋಕೇನಿದೆ? ‘ಹೂ ಹ್ಯಾಡ್ ಟೇಕನ್ ಹಿಸ್ ಪೆನ್’ ಅಷ್ಟೇ. ಇದೇ ತಪ್ಪಿಗೆ ಹೈಸ್ಕೂಲಿನಲ್ಲಿ ನಾನೂ ಬೆಂಚಿನ ಮೇಲೆ ನಿಂತಿದ್ದೆ, ಕಾರಣ ಮಾತ್ರ ಯಾರೂ ಹೇಳಿರಲಿಲ್ಲ.

ಟುಮಾರೊ ಇದ್ದಲ್ಲಿ ದ ನೆಕ್ಸ್ಟ್ ಡೇ ಹಾಕಿ ಎಂದೆಲ್ಲ ಇರುವ ಪಟ್ಟಿ ತೆಗೆಯಿರಿ. ರಾಮ ಸೀತೆಯರಿಗೆ ರಜೆ ಕೊಟ್ಟು ಜಗಳೂರಿನ ಸಂತೆಯವರನ್ನು ಮಾತಾಡಿಸಿ. 600 ಪದ ಸಾಕು. 15 ದಿನದೊಳಗೆ ಬಂದರೆ ಮುಂದಿನ ತಿಂಗಳ ಪುಟದಲ್ಲಿ ಜಾಗ ಇಟ್ಟಿರ್ತೀನಿ. ಪೆನ್ನಿನ ವಾಕ್ಯ ತಿದ್ದಿ ಕಳಿಸಿ.

ಸಂಪಾದಕ,
ದಾವಣಗೆರೆ