ಐದು ಗಂಟೆಯ ಆ ಕರೆ

ಗಂಗಾವತಿಯ ತಂಗಿಯೊಬ್ಬರು ಜರ್ಮನಿಯ ಡ್ರೆಸ್ಡೆನ್‌ನಿಂದ ಬರೆದ ಪತ್ರ ಈ ವಾರ ನನ್ನನ್ನು ಬಿಡದೆ ಕಾಡಿದೆ. ಸ್ನಾತಕೋತ್ತರ ಓದಿಗೆಂದು ಅಕ್ಟೋಬರ್‌ನಲ್ಲಿ ಹೋದವರು. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕು ಗಂಟೆಗೇ ಕತ್ತಲು, ಭಾನುವಾರ ಅಂಗಡಿಗಳೆಲ್ಲ ಬಂದ್, ಮಾತನಾಡಿಸುವವರಿಲ್ಲ. ರಾತ್ರಿ ಹತ್ತರ ನಂತರ ಸದ್ದು ಮಾಡಬೇಡಿ ಎಂದು ಪಕ್ಕದ ಕೋಣೆಯವರು ಬಾಗಿಲಿಗೆ ಚೀಟಿ ಬೇರೆ ಅಂಟಿಸಿದರಂತೆ. ‘ಇಲ್ಲಿ ನನಗೆ ಯಾರೂ ಇಲ್ಲ. ಓದು ಬಿಟ್ಟು ಊರಿಗೆ ಬಂದುಬಿಡಲೇ?’ ಎಂದು ಕೇಳಿದ್ದಾರೆ.

ತಂಗಿ, ಚೀಟಿಯ ವಿಷಯ ಮರೆತುಬಿಡಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ನಿಶ್ಶಬ್ದ ಎಂಬುದು ಆ ದೇಶದಲ್ಲಿ ಎಲ್ಲರಿಗೂ ಇರುವ ಕಟ್ಟಳೆ. ಅದರಲ್ಲಿ ನಿಮ್ಮ ಮೇಲಿನ ದ್ವೇಷ ಏನೂ ಇಲ್ಲ. ನನ್ನ ಕಣ್ಣು ನಿಂತದ್ದು ಪತ್ರದ ಕೊನೆಯಲ್ಲಿ ನೀವು ಅವಸರದಲ್ಲಿ ಬರೆದು ಮುಂದೆ ಹೋದ ಸಾಲಿನ ಮೇಲೆ: ‘ಅಣ್ಣ ಗೊಬ್ಬರದ ಅಂಗಡಿ ಮುಚ್ಚಿ ಬಂದು, ಊಟ ಮಾಡಿ, ಒಂಬತ್ತೂವರೆಗೆ ವಿಡಿಯೊ ಕರೆ ಮಾಡುತ್ತಾನೆ. ದಿನವೂ ಎರಡು ತಾಸು ಮಾತಾಡುತ್ತೇವೆ, ಅದೊಂದೇ ಸಮಾಧಾನ.’

ಚಳಿಗಾಲದಲ್ಲಿ ಜರ್ಮನಿ ನಮಗಿಂತ ನಾಲ್ಕೂವರೆ ತಾಸು ಹಿಂದೆ. ಗಂಗಾವತಿಯ ಒಂಬತ್ತೂವರೆ ಎಂದರೆ ನಿಮಗೆ ಸಂಜೆ ಐದು. ತರಗತಿ ಬಿಡುವ ಹೊತ್ತು, ಜೊತೆಯವರು ಗುಂಪಾಗಿ ಓದಲು ಕೂರುವ ಹೊತ್ತು, ವಸತಿಗೃಹದ ಅಡುಗೆಮನೆಯಲ್ಲಿ ಒಲೆ ಹೊತ್ತಿಸುವ ಹೊತ್ತು. ವಿಯೆಟ್ನಾಂನ ಹುಡುಗಿ ಬುಧವಾರದ ಅಡುಗೆಗೆ ಮತ್ತೆ ಮತ್ತೆ ಕರೆದಳು, ಕರೆ ಇದ್ದುದರಿಂದ ಹೋಗಲಾಗಲಿಲ್ಲ ಎಂದು ಬರೆದವರೂ ನೀವೇ. ಹಾಗಿದ್ದ ಮೇಲೆ ಯಾರೂ ಇಲ್ಲ ಎಂದು ಹೇಗೆ ಹೇಳುತ್ತೀರಿ?

ನನ್ನ ಸಿಟ್ಟೆಲ್ಲ ನಿಮ್ಮ ಅಣ್ಣನ ಮೇಲೆ. ಅವರು ಪಟ್ಟ ಕಷ್ಟ ನನಗೆ ಗೊತ್ತಿದೆ. ವೀಸಾಕ್ಕಾಗಿ ಬ್ಯಾಂಕ್ ಖಾತೆಯಲ್ಲಿ 11,904 ಯೂರೊ, ಅಂದರೆ ಹತ್ತು ಲಕ್ಷ ರೂಪಾಯಿಗೂ ಹೆಚ್ಚು ಹಣ ಇಟ್ಟು ತೋರಿಸಲು ಕಾಲುವೆ ನೀರಿನ ಗದ್ದೆಯನ್ನೇ ಅಡವಿಟ್ಟಿದ್ದಾರೆ. ಅದರಿಂದ ತಿಂಗಳಿಗೆ ಬರುವ 992 ಯೂರೊದ ಲೆಕ್ಕ ಕೇಳಲಿ, ಕೇಳಬೇಕು ಕೂಡ. ಆದರೆ ‘ಕ್ಯಾಮೆರಾ ತಿರುಗಿಸು, ಕೋಣೆ ತೋರಿಸು, ಹಿಂದೆ ನಿಂತವರು ಯಾರು’ ಎಂದು ಕೇಳುವುದು ಲೆಕ್ಕವಲ್ಲ, ಕಾವಲು. ಹಣ ಕೊಟ್ಟವರು ಸಂಜೆಯನ್ನೂ ಕೊಂಡುಕೊಂಡಂತೆ ಅಲ್ಲ ಎಂದು ಈ ಅಂಕಣದಲ್ಲಿ ಹೆಣ್ಣುಮಕ್ಕಳ ಮನೆಯವರಿಗೆ ಎಷ್ಟೋ ಸಲ ಬರೆದಿದ್ದೇನೆ. ಭತ್ತದ ಸೀಮೆಯವರಿಗೆ ನಾನು ಹೇಳಿಕೊಡಬೇಕೇ? ನಾಟಿ ಮಾಡಿದ ಸಸಿಯನ್ನು ದಿನವೂ ಕಿತ್ತು ಬೇರು ನೋಡುವ ರೈತ ಎಲ್ಲಾದರೂ ಇದ್ದಾನೆಯೇ?

ನಿಮ್ಮ ಅವ್ವನ ಬಗ್ಗೆ ಮಾತ್ರ ನನಗೆ ಮರುಕ. ಆಕೆ ಪಕ್ಕದಲ್ಲಿ ತೂಕಡಿಸುತ್ತ ಕೂತು ‘ಊಟ ಆಯಿತೇ’ ಎಂದಷ್ಟೇ ಕೇಳುತ್ತಾರೆ ಎಂದಿದ್ದೀರಿ. ಆಕೆಗೆ ಎರಡು ತಾಸು ಬೇಕಿಲ್ಲ. ಬೆಳಿಗ್ಗೆ ಟ್ರಾಮ್ ಕಾಯುವಾಗ ನಿಮ್ಮ ಧ್ವನಿಯಲ್ಲಿ ಎರಡು ಮಾತು ಕಳುಹಿಸಿ, ಸಾಕು.

ನಿದ್ದೆ, ಊಟ ಎರಡೂ ವಾರಗಟ್ಟಲೆ ತಪ್ಪಿದ್ದರೆ ತಡಮಾಡಬೇಡಿ. ಅಲ್ಲಿನ ವಿದ್ಯಾರ್ಥಿ ಕಲ್ಯಾಣ ಸಂಸ್ಥೆಯಲ್ಲಿ ಆಪ್ತ ಸಮಾಲೋಚನೆ ಉಚಿತವಾಗಿ ಸಿಗುತ್ತದೆ.

ಊರಿಗೆ ಬರುವ ಮಾತನ್ನು ಫೆಬ್ರುವರಿಯ ಪರೀಕ್ಷೆ ಮುಗಿಯುವವರೆಗೆ ನನ್ನ ಹತ್ತಿರ ಎತ್ತಬೇಡಿ. ಆ ಊರಿನಲ್ಲಿ ನೀವು ಇನ್ನೂ ಒಂದು ಸಂಜೆಯನ್ನೂ ಕಳೆದಿಲ್ಲ. ಒಟ್ಟಿಗೆ ಉಣ್ಣದೆ ಯಾವ ಊರೂ ನಮ್ಮದಾಗುವುದಿಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ರಾಯಚೂರಿನಿಂದ ಬೆಂಗಳೂರಿಗೆ ಓದಲು ಹೋದ ಮಕ್ಕಳಿಗೂ ಇದನ್ನೇ ಹೇಳುತ್ತ ಬಂದಿದ್ದೇನೆ.

ಈಗ ಮಾಡಬೇಕಾದದ್ದು ಒಂದೇ. ಇವತ್ತೇ ಅಣ್ಣನಿಗೆ ಹೀಗೆ ಬರೆಯಿರಿ: ‘ಇನ್ನು ಮುಂದೆ ಕರೆ ಭಾನುವಾರ ಮಧ್ಯಾಹ್ನ ಮಾತ್ರ. ಉಳಿದ ದಿನ ಸಂಜೆ ನನ್ನ ಫೋನ್ ಬಂದ್ ಇರುತ್ತದೆ.’ ಕೇಳಬೇಡಿ, ತಿಳಿಸಿ. ಅಣ್ಣ ರೇಗಿದರೆ ಈ ಅಂಕಣವನ್ನೇ ಕಳುಹಿಸಿ, ಬೈಗುಳ ನನಗಿರಲಿ. ಬುಧವಾರ ಐದು ಗಂಟೆಗೆ ಶೇಂಗಾ ಚಟ್ನಿಯ ಡಬ್ಬಿ ಹಿಡಿದುಕೊಂಡು ಆ ಹುಡುಗಿಯ ಅಡುಗೆಮನೆಗೆ ಹೋಗಿ.