ಯುದ್ಧ ಆಯ್ತು, ಕಾಗದ ನಿಂತವು

(ಹೋದ ಸಂಚಿಕೆಯಲ್ಲಿ ಭಾರತ–ಪಾಕಿಸ್ತಾನ ಸಂಬಂಧದ ಬಗ್ಗೆ ಬೀದರಿನ ಲೇಖಕಿಯೊಬ್ಬರ ಬರಹ ಇತ್ತು. ಅದಕ್ಕೆ ಹುಮನಾಬಾದಿನ ಓದುಗರ ತಕರಾರು: "ಎರಡು ದೇಶಗಳ ವಿಷಯದಲ್ಲಿ ಅಜ್ಜನ ಟ್ರಂಕು, ಅಜ್ಜನ ಗೆಳೆಯನ ಕಾಗದ ಇವೆಲ್ಲ ಯಾಕೆ? ಇತಿಹಾಸ ಕೊಡಿ, ಮನೆ ಕಥೆ ಬೇಡ.")

ನಮಸ್ಕಾರ ಸರ್,

ನಿಮ್ಮ ಪತ್ರ ಮೊದಲ ಸಲ ಓದಿದಾಗ ಸಿಟ್ಟು ಬಂತು. ಎರಡನೇ ಸಲ ಓದಿದಾಗ ಅರ್ಧ ಸರಿ ಅನ್ನಿಸಿತು.

ತಪ್ಪು ಅನ್ನಿಸಿದ ಅರ್ಧ ಮೊದಲು. ಬೀದರಿಗೆ ಪಾಕಿಸ್ತಾನ ಬರೀ ದಿಲ್ಲಿಯಿಂದ ಬರೋ ಸುದ್ದಿ ಅಲ್ಲ. 1948ರಲ್ಲಿ ಸಿಡ್ನಿ ಕಾಟನ್ ಅನ್ನೋ ಆಸ್ಟ್ರೇಲಿಯಾದ ಪೈಲಟ್ ಪಾಕಿಸ್ತಾನದ ಕರಾಚಿಯಿಂದ ಹೈದರಾಬಾದ್ ನಿಜಾಮರ ಸರ್ಕಾರಕ್ಕೆ (ಆಗ ಬೀದರ್ ಅವರ ರಾಜ್ಯದಲ್ಲೇ ಇತ್ತು) ಕದ್ದುಮುಚ್ಚಿ ಬಂದೂಕು ಸಾಗಿಸಿದ. ಅವನ ವಿಮಾನಗಳು ಇಳಿದ ಜಾಗಗಳಲ್ಲಿ ನಮ್ಮ ಬೀದರ್ ಒಂದು. ಪೊಲೀಸ್ ಆಕ್ಷನ್‌ಗೆ (ಹೈದರಾಬಾದನ್ನು ಸೇರಿಸಿಕೊಳ್ಳಲು ಭಾರತ ನಡೆಸಿದ ಸೇನಾ ಕಾರ್ಯಾಚರಣೆಗೆ) ಎಷ್ಟೋ ದಿನ ಮೊದಲೇ ರಾತ್ರಿ ಹೊತ್ತು ವಿಮಾನದ ಸಪ್ಪಳ ಕೇಳ್ತಿತ್ತು ಅಂತ ಲೇಖಕಿಯ ಅಜ್ಜ ಹೇಳುತ್ತಿದ್ದರಂತೆ. ಮನೆಯವರು ಮುದುಕರ ಮರೆವು ಅಂದುಕೊಂಡರು. ಭಾರತದ ಸೇನೆ ಬಂದದ್ದೇ ಸೆಪ್ಟೆಂಬರ್ 13ಕ್ಕೆ, 17ಕ್ಕೆ ನಿಜಾಮರು ಶರಣಾದರು, ಅದಕ್ಕೂ ಮೊದಲು ಎಲ್ಲಿಯ ವಿಮಾನ? ಅಜ್ಜ ಮರೆತಿರಲಿಲ್ಲ ಅಂತ ಕಾಣುತ್ತದೆ. ಮನೆಯವರಿಗೆ ಕರಾಚಿಯ ವಿಷಯ ಗೊತ್ತಿರಲಿಲ್ಲ, ಅಷ್ಟೇ.

ಆ ಬಂದೂಕಿನ ಮಾತು ಲಂಡನ್ ಕೋರ್ಟಿನವರೆಗೂ ಹೋಯಿತು. ಸೆಪ್ಟೆಂಬರ್ 20ರಂದು ಹೈದರಾಬಾದಿನ ಸುಮಾರು 10 ಲಕ್ಷ ಪೌಂಡ್ ಲಂಡನ್ನಿನಲ್ಲಿದ್ದ ಪಾಕಿಸ್ತಾನದ ಹೈಕಮಿಷನರ್ ಖಾತೆಗೆ ಹೋಯಿತು. ಅದು ಆಯುಧದ ಲೆಕ್ಕಕ್ಕೆ ಬಂದ ಹಣ ಅಂತ ಪಾಕಿಸ್ತಾನ ವಾದಿಸಿತು. 2019ರಲ್ಲಿ ಕೋರ್ಟು ಅದನ್ನು ಒಪ್ಪಲಿಲ್ಲ. ಅಷ್ಟೊತ್ತಿಗೆ ಹಣ 3.5 ಕೋಟಿ ಪೌಂಡ್ ಆಗಿತ್ತು. ಗೆದ್ದವರು ಯಾರು ಹೇಳಿ? ಭಾರತ ಸರ್ಕಾರ, ಅದರ ಜೊತೆ ನಿಜಾಮರ ಮೊಮ್ಮಕ್ಕಳು. ಇದರಲ್ಲಿ ಮನೆ ಕಥೆ ಎಲ್ಲಿಗೆ ಮುಗಿಯಿತು, ದೇಶದ ಕಥೆ ಎಲ್ಲಿಂದ ಶುರು ಆಯಿತು, ನೀವೇ ಗೆರೆ ಎಳೆಯಿರಿ.

ಈಗ ನಿಮ್ಮದು ಸರಿ ಅನ್ನಿಸಿದ ಅರ್ಧ. ಅಜ್ಜನ ಗೆಳೆಯ ಕರಾಚಿಗೆ ಹೋಗಿ ಹೈದರಾಬಾದ್ ಕಾಲೋನಿಯಲ್ಲಿ ನೆಲೆಸಿದ. ಉರ್ದುವಿನಲ್ಲಿ ಕಾಗದ ಬರೆಯುತ್ತಿದ್ದ. ಟ್ರಂಕಿನಲ್ಲಿ ಹನ್ನೊಂದು ಕಾಗದ ಇವೆ, ಕೊನೆಯದು 1965ರ ಬೇಸಿಗೆಯದು. ಅದೇ ವರ್ಷ ಭಾರತ–ಪಾಕಿಸ್ತಾನ ಯುದ್ಧ ಆಯಿತು. "ಯುದ್ಧ ಒಂದು ಗೆಳೆತನವನ್ನು ಕತ್ತರಿಸಿತು" ಅಂತ ಲೇಖಕಿ ಬರೆದರು. ನಾನು ಓದಿ, ಆಹಾ ಅಂದು, ಅಚ್ಚಿಗೆ ಕಳಿಸಿದೆ. ನಿಮ್ಮ ಪತ್ರ ಬಂದ ಮೇಲೆ ಫೋನ್ ಮಾಡಿ ಕೇಳಿದೆ, ಯುದ್ಧದಿಂದಲೇ ನಿಂತವು ಅಂತ ಹೇಗೆ ಗೊತ್ತು? ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು, ಕೊನೆಯ ಕಾಗದದಲ್ಲಿ ಆತ ಎದೆನೋವಿನ ಬಗ್ಗೆ ಬರೆದಿದ್ದ.

ಯುದ್ಧ ಆಯ್ತು, ನಿಜ. ಕಾಗದ ನಿಂತವು, ಅದೂ ನಿಜ. ನಡುವೆ ಒಂದು "ಅದಕ್ಕೇ" ನುಸುಳಿತ್ತು ನೋಡಿ, ಅದು ನಮ್ಮದು. ಎದೆನೋವಿನ ಸಾಲು ಬಿಟ್ಟಿದ್ದಕ್ಕೆ ಲೇಖಕಿಗಿಂತ ನನ್ನ ತಪ್ಪೇ ಜಾಸ್ತಿ. ಮುಂದಿನ ಸಂಚಿಕೆಯಲ್ಲಿ ಅದನ್ನು ಸೇರಿಸುತ್ತೇವೆ.

ನಮ್ಮ ಕಡೆ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ಒಂದು ಮನೆಯಲ್ಲಿ 1948 ಅಂದರೆ ನಮ್ಮ ಜಿಲ್ಲೆಯ ಗೋರ್ಟಾ ಹಳ್ಳಿಯಲ್ಲಿ ರಜಾಕಾರರು (ನಿಜಾಮರ ಪರ ನಿಂತಿದ್ದ ಸಶಸ್ತ್ರ ಪಡೆಯವರು) ನಡೆಸಿದ ಕೊಲೆಗಳು. ಪಕ್ಕದ ಓಣಿಯ ಮನೆಯಲ್ಲಿ ಅದೇ ವರ್ಷ ಅಂದರೆ ಪೊಲೀಸ್ ಆಕ್ಷನ್ ಆದಮೇಲೆ ಮುಸ್ಲಿಮರ ಮೇಲೆ ನಡೆದದ್ದು. ಆ ಹಿಂಸೆಯ ಬಗ್ಗೆ ವಿಚಾರಿಸಲು ಭಾರತ ಸರ್ಕಾರ ಕಳಿಸಿದ ಸುಂದರಲಾಲ್ ಸಮಿತಿ ಹೆಚ್ಚು ಹಾನಿಯಾದ ಜಿಲ್ಲೆಗಳ ಸಾಲಿನಲ್ಲಿ ಬೀದರ್, ಗುಲ್ಬರ್ಗಾ ಎರಡನ್ನೂ ಹೆಸರಿಸಿತ್ತು. ಒಂದೇ ಮನೆ ಕೇಳಿ ಬಂದವರ ಲೇಖನ ನನ್ನ ಮೇಜಿಗೆ ಬಂದರೆ, ಇನ್ನೊಂದು ಓಣಿಗೂ ಹೋಗಿ ಬನ್ನಿ ಅಂತ ವಾಪಸ್ ಕಳಿಸುತ್ತೇನೆ.

ಅಂದಹಾಗೆ, ಮನೆ ಕಥೆ ಬೇಡ ಅಂದ ನೀವೇ ಪತ್ರದ ಕೊನೆಗೆ ಒಂದು ಕಥೆ ಹೇಳಿದ್ದೀರಿ. ರಜಾಕಾರರ ಹೆದರಿಕೆಗೆ ನಿಮ್ಮ ತಾಯಿ ರೊಟ್ಟಿ ಬುಟ್ಟಿ ಹೊತ್ತು ಸೊಲ್ಲಾಪುರದ ಕಡೆ ನಡೆದರು ಅಂತ. ಅದನ್ನು ಅಚ್ಚು ಹಾಕೋ ಆಸೆ ಇದೆ. ಯಾವ ತಿಂಗಳು ಅಂತ ತಿಳಿಸುತ್ತೀರಾ? ತಾರೀಖು ನೆನಪಿಲ್ಲದಿದ್ದರೆ ಬೇಡ. ಆಗ ಜೋಳ ಇನ್ನೂ ಹೊಲದಲ್ಲಿತ್ತೋ, ರಾಶಿ ಆಗಿತ್ತೋ, ಅಷ್ಟು ಬರೆದರೂ ಸಾಕು.

— ಸಂ.